ಲಕ್ವಾ ಹಣೆಬರಹವಲ್ಲ: ತಡೆಯೋಣ, ಬಂದರೆ ಬೇಗ ಓಡೋಣ



ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಶಾಲೆಗೆ ಹೋದವರಲ್ಲ. ಸಂಘಕ್ಕೆ ಸೇರಿದ ಮೇಲೆ ಸಹಿ ಮಾಡುವುದನ್ನು ಕಲಿತರು. ಮೊದಲ ಸಲ ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಮಾಡಿ ಬಂದ ದಿನ ಸಭೆಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದ್ದರು. ವಯಸ್ಸು ಐವತ್ತರ ಹತ್ತಿರ. ಒಂದು ಆರೋಗ್ಯ ಶಿಬಿರದಲ್ಲಿ ಅವರಿಗೆ ಬಿ.ಪಿ. ಜಾಸ್ತಿ ಇದೆ ಎಂದು ತಿಳಿಯಿತು. ಎರಡು ತಿಂಗಳು ಗುಳಿಗೆ ನುಂಗಿದರು, ಆಮೇಲೆ ಬಿಟ್ಟರು. ಯಾಕೆ ಎಂದು ಕೇಳಿದರೆ, "ಆರಾಮ್ ಇದ್ದೀನ್ರಿ ಸಿಸ್ಟರ್, ತಲಿ ನೋಯಂಗಿಲ್ಲ, ಏನಿಲ್ಲ. ಸುಮ್ನ ಗುಳಿಗಿ ಯಾಕ ನುಂಗಬೇಕ್ರಿ?" ಎಂದರು.

ಒಂದು ಮುಂಜಾನೆ ರೊಟ್ಟಿ ಬಡಿಯುವಾಗ ಬಲಗೈ ಸೋತು ಕೆಳಗೆ ಬಿತ್ತು. ಬಾಯಿ ಒಂದು ಕಡೆ ವಾರೆ ಆಯಿತು. ಮಾತು ತೊದಲಿತು. ಮನೆಯವರು "ಗಾಳಿ ಬಡದದ" ಎಂದು ಅಂಗಾರ ಹಚ್ಚಿಸಿದರು, ಎಣ್ಣೆ ತಿಕ್ಕಿದರು. ದವಾಖಾನೆಗೆ ಕರೆದುಕೊಂಡು ಹೋದದ್ದು ಮೂರನೇ ದಿನ. ಜೀವ ಉಳಿಯಿತು, ಆದರೆ ಬಲಗೈ ಬರಲಿಲ್ಲ. ಈಗ ಸಂಘದ ಪುಸ್ತಕದಲ್ಲಿ ಅವರು ಎಡಗೈ ಹೆಬ್ಬೆಟ್ಟು ಒತ್ತುತ್ತಾರೆ.

ಇಂಥ ಅಕ್ಕಂದಿರು ಸೇಡಂನಲ್ಲಿಯೂ ಇದ್ದಾರೆ, ವಾಡಿ, ಶಹಾಬಾದ, ಚಿಂಚೋಳಿ ಕಡೆಯೂ ಇದ್ದಾರೆ. ಆದ್ದರಿಂದ ಈ ಸಲ ಲಕ್ವಾ, ಅಂದರೆ ಪಾರ್ಶ್ವವಾಯು ಬಗ್ಗೆ ತಿಳಿದುಕೊಳ್ಳೋಣ. ವೈದ್ಯರು ಊರೂರು, ದೇಶದೇಶ ತಿರುಗಿ ಸಂಶೋಧನೆ ಮಾಡಿ ಕಂಡುಕೊಂಡ ಮಾತುಗಳನ್ನು ನಮ್ಮ ಮನೆಗೆ, ನಮ್ಮ ಸಂಘಕ್ಕೆ ಹೊಂದುವಂತೆ ಇಲ್ಲಿ ಬರೆದಿದ್ದೇನೆ. ಓದಲು ಬರುವವರು ಬರದವರಿಗೆ ಓದಿ ಹೇಳಿ.

ಲಕ್ವಾ ಎಂದರೇನು?

ಲಕ್ವಾ ಕೈಕಾಲಿನ ಕಾಯಿಲೆ ಅಲ್ಲ, ಮೆದುಳಿನ ಕಾಯಿಲೆ. ಹೊಲಕ್ಕೆ ಕಾಲುವೆಯಿಂದ ನೀರು ಬರುವ ಹಾಗೆ ಮೆದುಳಿಗೆ ರಕ್ತನಾಳಗಳ ಮೂಲಕ ರಕ್ತ ಬರುತ್ತದೆ. ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಮುಂದಿನ ಹೊಲ ಒಣಗುತ್ತದೆ. ಕಾಲುವೆ ಒಡೆದರೆ ನೀರು ನುಗ್ಗಿ ಬೆಳೆ ಹಾಳಾಗುತ್ತದೆ. ಮೆದುಳಿನಲ್ಲಿಯೂ ಹೀಗೇ ಎರಡು ಬಗೆ.

1. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುವುದು. ಹೆಚ್ಚಿನ ಲಕ್ವಾ ಈ ಬಗೆಯದು.
2. ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದು.

ಮೆದುಳಿನ ಎಡಭಾಗ ನಮ್ಮ ಬಲಗಡೆಯ ಕೈಕಾಲನ್ನು ನಡೆಸುತ್ತದೆ, ಬಲಭಾಗ ಎಡಗಡೆಯದನ್ನು. ಮಾತಿನ ಜಾಗ ಹೆಚ್ಚಿನವರಿಗೆ ಎಡಭಾಗದಲ್ಲಿದೆ. ಅದಕ್ಕೇ ಬಲಗೈ ಬಿದ್ದವರಲ್ಲಿ ಅನೇಕರಿಗೆ ಮಾತೂ ಹೋಗುತ್ತದೆ. ಪೆಟ್ಟು ಬಿದ್ದಿರುವುದು ತಲೆಯ ಒಳಗೆ. ಹೊರಗೆ ಕೈಗೆ ಎಷ್ಟು ಎಣ್ಣೆ ತಿಕ್ಕಿದರೂ ಅದು ಒಳಗಿನ ನಾಳವನ್ನು ಮುಟ್ಟುವುದಿಲ್ಲ.

ಯಾಕೆ ಬರುತ್ತದೆ? ಸಂಶೋಧನೆ ಏನು ಹೇಳುತ್ತದೆ?

ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ "ಇಂಟರ್‌ಸ್ಟ್ರೋಕ್" ಎಂಬ ದೊಡ್ಡ ಅಧ್ಯಯನ ನಡೆಯಿತು. ನಮ್ಮ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಭಾರತದ ಕಡೆಯಿಂದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಇದರಲ್ಲಿ ಮುಖ್ಯ ಪಾತ್ರ ವಹಿಸಿದರು. ಸೇಂಟ್ ಜಾನ್ಸ್ ಎಂದರೆ 1963ರಲ್ಲಿ ನಮ್ಮ ಕಥೋಲಿಕ ಧರ್ಮಾಧ್ಯಕ್ಷರು ಸ್ಥಾಪಿಸಿದ ಸಂಸ್ಥೆ. ಅಧ್ಯಯನದ ಹಿರಿಯ ಸಂಶೋಧಕರಾದ ಡಾ. ಸಲೀಂ ಯೂಸುಫ್ ಕೂಡ ಅಲ್ಲಿಯೇ ಓದಿ ಡಾಕ್ಟರ್ ಆದವರು.

ಅವರು ಮಾಡಿದ್ದು ಸರಳವಾದ ಕೆಲಸ. ಲಕ್ವಾ ಆದವರನ್ನು ಒಂದು ಕಡೆ, ಅದೇ ವಯಸ್ಸಿನ ಆದರೆ ಲಕ್ವಾ ಆಗದವರನ್ನು ಇನ್ನೊಂದು ಕಡೆ ಇಟ್ಟುಕೊಂಡು, ಇಬ್ಬರ ಜೀವನದಲ್ಲಿ ಏನು ವ್ಯತ್ಯಾಸ ಎಂದು ಕೇಳಿ, ಪರೀಕ್ಷಿಸಿ ನೋಡಿದರು. 2016ರಲ್ಲಿ ಪ್ರಕಟವಾದ ವರದಿಯಲ್ಲಿ 32 ದೇಶಗಳ ಸುಮಾರು 27 ಸಾವಿರ ಜನರ ಲೆಕ್ಕವಿದೆ. ಹತ್ತು ಕಾರಣಗಳನ್ನು ಕೂಡಿಸಿದರೆ 10 ಲಕ್ವಾಗಳಲ್ಲಿ 9ಕ್ಕೆ ಅವೇ ಕಾರಣ ಎಂದು ಕಂಡುಬಂತು. ಆ ಹತ್ತು ಇವು:

1. ಹೆಚ್ಚಿನ ರಕ್ತದೊತ್ತಡ, ನಾವು ಬಿ.ಪಿ. ಎನ್ನುವುದು
2. ಬೀಡಿ, ಸಿಗರೇಟು
3. ಸಕ್ಕರೆ ಕಾಯಿಲೆ
4. ಮೈಗೆ ಚಟುವಟಿಕೆ ಇಲ್ಲದಿರುವುದು
5. ಕಾಯಿಪಲ್ಲೆ, ಹಣ್ಣು ಕಡಿಮೆಯಾದ ಊಟ
6. ಹೊಟ್ಟೆಯ ಸುತ್ತ ಬೊಜ್ಜು
7. ಮದ್ಯಪಾನ
8. ಮನಸ್ಸಿನ ಒತ್ತಡ, ಚಿಂತೆ
9. ಹೃದಯದ ಕಾಯಿಲೆ
10. ರಕ್ತದಲ್ಲಿ ಕೆಟ್ಟ ಕೊಬ್ಬು

ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬಿ.ಪಿ. ಲಕ್ವಾಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇದರ ಪಾಲಿಗೇ ಬರುತ್ತವೆ. ಪಟ್ಟಿಯಲ್ಲಿ ಗಾಳಿ ಇಲ್ಲ, ಮಾಟ ಇಲ್ಲ, ಹಣೆಬರಹ ಇಲ್ಲ. ಹೆಚ್ಚಿನವು ನಾವು ಕೈ ಹಾಕಿ ಸರಿಮಾಡಬಹುದಾದಂಥವೇ.

ಬೀಡಿ ಗಂಡಸರ ಮಾತಾಯಿತು ಎಂದು ಸುಮ್ಮನಾಗಬೇಡಿ. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳೂ ತಂಬಾಕು ಜಗಿಯುತ್ತಾರೆ, ಹಲ್ಲಿಗೆ ತಿಕ್ಕುತ್ತಾರೆ. ಕಲ್ಲಿನ ಗಣಿಯಲ್ಲಿ, ತೊಗರಿ ಹೊಲದಲ್ಲಿ ದುಡಿಯುವಾಗ ಹಸಿವು ಮರೆಯಲು ಬಾಯಿಗೆ ಹಾಕಿಕೊಂಡದ್ದು ಚಟವಾಗುತ್ತದೆ. ಅದೂ ರಕ್ತನಾಳಕ್ಕೆ ಕೆಟ್ಟದ್ದೇ.

ಬಿ.ಪಿ. ಗುಳಿಗೆ ಎಂದರೆ ತಪ್ಪಿಸಬಾರದ ಕಂತು

ಬಿ.ಪಿ.ಗೆ ನೋವಿಲ್ಲ. ಅದೇ ಅದರ ಮೋಸ. ತಲೆ ನೋಯುವುದಿಲ್ಲ, ತಲೆ ತಿರುಗುವುದಿಲ್ಲ, ಕೆಲಸಕ್ಕೆ ತೊಂದರೆ ಇಲ್ಲ. ಒಳಗೆ ಮಾತ್ರ ವರ್ಷಗಟ್ಟಲೆ ನಾಳಗಳನ್ನು ಹಾಳು ಮಾಡುತ್ತಿರುತ್ತದೆ. ಯಂತ್ರ ಕಟ್ಟಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನ ಅಂಕ 140 ಅಥವಾ ಕೆಳಗಿನ ಅಂಕ 90, ಇಲ್ಲವೆ ಅದಕ್ಕಿಂತ ಹೆಚ್ಚು ಬಂದರೆ ಬಿ.ಪಿ. ಇದೆ ಎಂದು ಅರ್ಥ.

ಅನೇಕ ಅಧ್ಯಯನಗಳ ಲೆಕ್ಕ ಕೂಡಿಸಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ವರದಿ ಹೇಳುವುದು ಇದು: ಮೇಲಿನ ಅಂಕವನ್ನು 10ರಷ್ಟು ಇಳಿಸಿದರೂ ಲಕ್ವಾದ ಅಪಾಯ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಒಂದು ಸಣ್ಣ ಗುಳಿಗೆಯ ಶಕ್ತಿ ಇಷ್ಟು.

"ಬಿ.ಪಿ. ನಾರ್ಮಲ್ ಬಂತು, ಇನ್ನ ಗುಳಿಗಿ ಸಾಕು" ಎಂದು ಬಿಡುವವರು ಬಹಳ. ಸಂಘದ ಸಾಲದ ಲೆಕ್ಕದಿಂದ ಯೋಚಿಸಿ. ನಾಲ್ಕು ಕಂತು ಸರಿಯಾಗಿ ಕಟ್ಟಿದಿರಿ, ಐದನೆಯದರಿಂದ ನಿಲ್ಲಿಸಿದಿರಿ. ಸಾಲ ತೀರಿತೇ? ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಗುಳಿಗೆ ನುಂಗುತ್ತಿರುವುದರಿಂದಲೇ ಬಿ.ಪಿ. ಸರಿ ಇದೆ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಗುಳಿಗೆ ಕಡಿಮೆ ಮಾಡುವುದಿದ್ದರೂ ಡಾಕ್ಟರೇ ಹೇಳಬೇಕು. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತ. ಗುಳಿಗೆಯೂ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಉಪ್ಪಿನ ಲೆಕ್ಕ

ಬಿ.ಪಿ. ಏರಿಸುವುದರಲ್ಲಿ ಉಪ್ಪಿನ ಪಾತ್ರ ದೊಡ್ಡದು. ಚೀನಾ ದೇಶದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರನ್ನು ಐದು ವರ್ಷದ ಹತ್ತಿರ ಗಮನಿಸಿ ಒಂದು ಅಧ್ಯಯನ ಮಾಡಿದರು. ಅವರೆಲ್ಲ ಮೊದಲೇ ಲಕ್ವಾ ಆದವರು, ಇಲ್ಲವೆ ಬಿ.ಪಿ. ಇದ್ದ ವಯಸ್ಸಾದವರು. ಅರ್ಧ ಹಳ್ಳಿಗಳಲ್ಲಿ ಮಾಮೂಲಿ ಉಪ್ಪು, ಇನ್ನರ್ಧ ಹಳ್ಳಿಗಳಲ್ಲಿ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು. ಬೇರೆ ಔಷಧಿಯನ್ನು ಬದಲಿಸಲಿಲ್ಲ, ಅಡುಗೆಮನೆಯ ಉಪ್ಪು ಮಾತ್ರ ಬೇರೆ. 2021ರಲ್ಲಿ ಫಲಿತಾಂಶ ಬಂತು. ಉಪ್ಪು ಬದಲಿಸಿದ ಹಳ್ಳಿಗಳಲ್ಲಿ ಲಕ್ವಾ ಶೇಕಡಾ 14ರಷ್ಟು ಕಡಿಮೆಯಾಗಿತ್ತು. ಅಂಥ ಉಪ್ಪು ನಮ್ಮಲ್ಲಿಯೂ ಸಿಗುತ್ತದೆ, ಆದರೆ ಬೆಲೆ ಹೆಚ್ಚು. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬಾರದು.

ದುಡ್ಡು ಖರ್ಚಿಲ್ಲದ ದಾರಿ ಎಂದರೆ ಇದ್ದ ಉಪ್ಪನ್ನೇ ಕಡಿಮೆ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಸಾಕು, ಅಂದರೆ ಒಂದು ಸಣ್ಣ ಚಮಚ. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ, ಮುಕ್ಕಾಲು ಕಿಲೋ. ನಿಮ್ಮ ಮನೆಯಲ್ಲಿ ಒಂದು ಕಿಲೋ ಪಾಕೀಟು ಎಷ್ಟು ದಿನ ಬರುತ್ತದೆ? ಈ ತಿಂಗಳು ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆದು ನೋಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂತೆಯ ಮಿರ್ಚಿ ಭಜಿ ಇವುಗಳ ಉಪ್ಪು ಈ ಲೆಕ್ಕದ ಮೇಲೆ ಬೇರೆ. ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ ಒಳ್ಳೆಯ ಊಟವೇ. ಮೇಲುಪ್ಪು ಹಾಕಿಕೊಳ್ಳುವುದನ್ನು ಬಿಟ್ಟರೆ ಸಾಕು.

ಬಾಣಂತಿಗೂ ಲಕ್ವಾ ಬರಬಹುದು

ಲಕ್ವಾ ವಯಸ್ಸಾದವರಿಗೆ ಮಾತ್ರ ಎಂದು ತಿಳಿಯಬೇಡಿ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಮೆದುಳಿನಿಂದ ರಕ್ತ ವಾಪಸು ಬರುವ ನಾಳಗಳಲ್ಲಿ ಹೆಪ್ಪುಗಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಡಾ. ಡಿ. ನಾಗರಾಜ ಮತ್ತು ಅವರ ಜೊತೆಯ ವೈದ್ಯರು ಇಂಥ ಬಾಣಂತಿಯರ ಬಗ್ಗೆ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಹೆರಿಗೆಯ ಸಮಯದಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವಂತಿರುತ್ತದೆ. ಅದರ ಮೇಲೆ ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು.

ನಮ್ಮ ಹಿರಿಯರು ಪ್ರೀತಿಯಿಂದಲೇ "ಬಾಣಂತಿಗೆ ನೀರು ಕೊಡಬ್ಯಾಡ್ರಿ, ಥಂಡಿ ಆಗ್ತದ" ಎನ್ನುತ್ತಾರೆ. ಕಲಬುರಗಿಯ ಬಿಸಿಲಿನಲ್ಲಿ, ಮುಚ್ಚಿದ ಕೋಣೆಯಲ್ಲಿ, ಮಗುವಿಗೆ ಹಾಲೂಡಿಸುವ ತಾಯಿಗೆ ನೀರಿಲ್ಲದಿದ್ದರೆ ಹೇಗೆ? ಕಾಯಿಸಿ ಆರಿಸಿದ ನೀರನ್ನು ಬಾಣಂತಿ ಕೇಳಿದಷ್ಟು ಕೊಡಿ. ಬಾಣಂತಿಗೆ ಬಿಡದ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋತದ್ದು ಕಂಡರೆ ದೆವ್ವ ಎನ್ನದೆ ದವಾಖಾನೆಗೆ ಓಡಿ. ಇದಕ್ಕೆ ರಕ್ತ ತಿಳಿಮಾಡುವ ಚಿಕಿತ್ಸೆ ಇದೆ. ಬೇಗ ಸಿಕ್ಕರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ಬಸುರಿಯಲ್ಲಿ ಬಿ.ಪಿ. ಏರಿದ್ದವರು ಮುಂದೆಯೂ ವರ್ಷವರ್ಷ ಬಿ.ಪಿ. ನೋಡಿಸುತ್ತಿರಬೇಕು.

ಗುರುತಿಸುವುದು ಹೇಗೆ? ನಾಲ್ಕು ಮಾತು

ಮುಖ: ನಗಲು ಹೇಳಿ. ಬಾಯಿ ಒಂದು ಕಡೆ ಜೋಲುತ್ತದೆಯೇ?
ಕೈ: ಎರಡೂ ಕೈ ಮುಂದಕ್ಕೆ ಎತ್ತಲು ಹೇಳಿ. ಒಂದು ಕೈ ಕೆಳಗೆ ಇಳಿಯುತ್ತದೆಯೇ?
ಮಾತು: ಅವರ ಹೆಸರು, ಊರಿನ ಹೆಸರು ಕೇಳಿ. ತೊದಲುತ್ತದೆಯೇ? ಹೇಳಿದ್ದು ತಿಳಿಯುವುದಿಲ್ಲವೇ?
ಹೊತ್ತು: ಇವುಗಳಲ್ಲಿ ಒಂದು ಕಂಡರೂ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ.

ಹಠಾತ್ತನೆ ಕಣ್ಣು ಕಾಣದಂತಾಗುವುದು, ನಡೆಯುವಾಗ ತೂಕ ತಪ್ಪುವುದು, ಎಂದೂ ಬಾರದಂಥ ಭಾರೀ ತಲೆನೋವು ಇವೂ ಲಕ್ಷಣಗಳೇ. ಕೆಲವರಿಗೆ ಹತ್ತು ನಿಮಿಷ ಕೈ ಸೋತು ಮತ್ತೆ ತಾನಾಗಿ ಸರಿಹೋಗುತ್ತದೆ. "ಹೋಯ್ತಲ್ಲ" ಎಂದು ಸುಮ್ಮನಿರಬೇಡಿ. ಅದು ದೊಡ್ಡ ಲಕ್ವಾ ಬರುವ ಮುನ್ಸೂಚನೆ. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಹೊತ್ತು ಯಾಕೆ ಇಷ್ಟು ಮುಖ್ಯ?

ದೊಡ್ಡ ನಾಳ ಮುಚ್ಚಿಕೊಂಡಾಗ ಒಂದೊಂದು ನಿಮಿಷಕ್ಕೆ ಮೆದುಳಿನ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಒಬ್ಬ ವೈದ್ಯರು ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಮೂರು ಗಂಟೆಯೊಳಗೆ ಕೊಟ್ಟರೆ ಅದು ಉಪಯೋಗ ಎಂದು 1995ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ನಾಲ್ಕೂವರೆ ಗಂಟೆಯವರೆಗೂ ಉಪಯೋಗ ಎಂದು 2008ರಲ್ಲಿ ಯುರೋಪಿನ ಅಧ್ಯಯನ ತೋರಿಸಿತು. 2015ರಿಂದ ಈಚೆಗೆ ದೊಡ್ಡ ಆಸ್ಪತ್ರೆಗಳಲ್ಲಿ ತೆಳುವಾದ ನಳಿಗೆ ಹಾಕಿ ಹೆಪ್ಪನ್ನೇ ಹೊರಗೆ ತೆಗೆಯುತ್ತಾರೆ. ಇದು ಎಲ್ಲರಿಗೂ ಹೊಂದುವುದಿಲ್ಲ. ಹೊಂದುವವರಲ್ಲಿಯೂ ಬೇಗ ಬಂದಷ್ಟು ಲಾಭ ಹೆಚ್ಚು.

ಇಂಜೆಕ್ಷನ್ ಕೊಡುವ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಒಡೆದವರಿಗೆ ಆ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಸನ್ನತಿಯಿಂದಾಗಲಿ ಚಿಂಚೋಳಿಯಿಂದಾಗಲಿ ಕಲಬುರಗಿ ಮುಟ್ಟಲು ಒಂದು ಗಂಟೆಗೂ ಮೇಲೆ ಬೇಕು. ಮನೆಯಲ್ಲಿ ಎರಡು ಗಂಟೆ ಕಳೆದರೆ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ.

ಏನು ಮಾಡಬೇಕು? ಏನು ಮಾಡಬಾರದು?

ಮಾಡಬೇಕಾದದ್ದು:
1. ಕೊನೆಯ ಸಲ ಅವರು ಸರಿಯಾಗಿದ್ದದ್ದನ್ನು ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನು ನೆನಪಿಡಿ. ಡಾಕ್ಟರು ಮೊದಲು ಕೇಳುವುದು ಇದನ್ನೇ.
2. ಒಂದು ಮಗ್ಗುಲಿಗೆ ಮಲಗಿಸಿ. ವಾಂತಿ ಗಂಟಲಿಗೆ ಇಳಿಯುವುದಿಲ್ಲ.
3. ನುಂಗುತ್ತಿರುವ ಗುಳಿಗೆಗಳನ್ನು, ಆರೋಗ್ಯ ಕಾರ್ಡನ್ನು ಜೊತೆಗೆ ತೆಗೆದುಕೊಳ್ಳಿ.
4. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಲು ಹೇಳಿ.

ಮಾಡಬಾರದ್ದು:
1. ನೀರು, ಚಹಾ, ಊಟ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಪುಪ್ಪುಸಕ್ಕೆ ಇಳಿಯುತ್ತದೆ.
2. ನೀವಾಗಿಯೇ ಆಸ್ಪಿರಿನ್, ಬಿ.ಪಿ. ಗುಳಿಗೆ ಕೊಡಬೇಡಿ.
3. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು, ತಾಯತ ಕಟ್ಟಿಸುವುದು ಎಂದು ಹೊತ್ತು ಕಳೆಯಬೇಡಿ.

"ನಮ್ಮ ಮಾವಗ ನಾಟಿ ಔಷಧಲೇ ಆರಾಮ ಆಯ್ತಲ್ರಿ" ಎಂದು ಕೆಲವರು ಕೇಳುತ್ತಾರೆ. ನಿಜ, ಆರಾಮ ಆಗಿರಬಹುದು. ಸಣ್ಣ ಲಕ್ವಾ ಆದವರು ಸ್ವಲ್ಪ ಮಟ್ಟಿಗೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಇನ್ನು ಮುಖದ ನರ ಊದಿಕೊಂಡು ಬಾಯಿ ಮಾತ್ರ ವಾರೆಯಾಗುವ ಬೇರೆ ಕಾಯಿಲೆಯೂ ಇದೆ. ಅದು ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಔಷಧ ಕೊಟ್ಟವರಿಗೆ ಹೆಸರು ಬರುತ್ತದೆ. ಆದರೆ ನಿಮ್ಮ ಮನೆಯಲ್ಲಿ ಬಂದಿರುವುದು ಯಾವುದು ಎಂದು ಆ ಹೊತ್ತಿನಲ್ಲಿ ಹೇಳಬಲ್ಲವರು ಡಾಕ್ಟರು ಮಾತ್ರ. ದೇವರಿಗೆ ಹರಕೆ ಹೊರಿರಿ, ನಾನೂ ಪ್ರಾರ್ಥಿಸುತ್ತೇನೆ. ಆದರೆ ಗಾಡಿ ಹತ್ತಿದ ಮೇಲೆ ಪ್ರಾರ್ಥಿಸೋಣ.

ಲಕ್ವಾ ಆದ ಮೇಲೆ

ಮೊದಲ ಮೂರರಿಂದ ಆರು ತಿಂಗಳಲ್ಲಿ ಹೆಚ್ಚು ಚೇತರಿಕೆ ಆಗುತ್ತದೆ. ಆ ಸಮಯದಲ್ಲಿ ಫಿಸಿಯೋಥೆರಪಿ ತಪ್ಪಿಸಬಾರದು. ಬಿ.ಪಿ., ಸಕ್ಕರೆ ಗುಳಿಗೆ ಜೀವನಪೂರ್ತಿ. ಯಾಕೆಂದರೆ ಒಮ್ಮೆ ಆದವರಿಗೆ ಮತ್ತೆ ಬರುವ ಅಪಾಯ ಹೆಚ್ಚು.

ಇಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ ಲಕ್ವಾ ಆದ 1,250 ಜನರನ್ನು ಸೇರಿಸಿ "ಅಟೆಂಡ್" ಎಂಬ ಅಧ್ಯಯನ ಮಾಡಿದರು. ಅರ್ಧ ಜನರ ಮನೆಯವರಿಗೆ ಆರೈಕೆ, ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು. ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2017ರಲ್ಲಿ ಫಲಿತಾಂಶ ಬಂದಾಗ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ 100ರಲ್ಲಿ 47 ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇದ್ದರು.

ಇದರರ್ಥ ಆರೈಕೆ ವ್ಯರ್ಥ ಎಂದಲ್ಲ. ತಿರುಗಿಸಿ ಮಲಗಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಕೈ ಆಡಿಸದಿದ್ದರೆ ಕೀಲು ಬಿಗಿಯುತ್ತದೆ. ಆದರೆ ತರಬೇತಾದ ವೈದ್ಯರು, ನರ್ಸ್, ಫಿಸಿಯೋಥೆರಪಿಯವರು ಮಾಡಬೇಕಾದ ಕೆಲಸವನ್ನೆಲ್ಲ ಮನೆಯ ಸೊಸೆಯ ತಲೆಗೆ ಕಟ್ಟಿದರೆ ಆಗುವುದಿಲ್ಲ ಎಂದು ಇದು ತೋರಿಸುತ್ತದೆ. "ಸೊಸಿ ಸರಿಯಾಗಿ ನೋಡ್ಲಿಲ್ಲ, ಅದಕ್ಕ ಮುದುಕ ಏಳಲಿಲ್ಲ" ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಅಕ್ಕಾ, ತಪ್ಪು ನಿನ್ನದಲ್ಲ. ಏಳುವುದು ಬಿಡುವುದು ಪೆಟ್ಟು ಎಷ್ಟು ದೊಡ್ಡದು, ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು ಎಂಬುದರ ಮೇಲೆಯೇ ಹೆಚ್ಚು ನಿಂತಿದೆ.

ಅಂಗವಿಕಲತೆ ಉಳಿದರೆ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಸಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನಮ್ಮ ಸಂಘ ಏನು ಮಾಡಬಹುದು?

1. ಹಾಜರಿ ಪುಸ್ತಕದಲ್ಲಿ ಉಳಿತಾಯದ ಪಕ್ಕ ಬಿ.ಪಿ.ಗೆ ಒಂದು ಮನೆ ಗೆರೆ ಎಳೆಯಿರಿ. ಮೂರು ತಿಂಗಳಿಗೊಮ್ಮೆ ಆಶಾ ಅಥವಾ ನರ್ಸಮ್ಮನನ್ನು ಸಭೆಗೆ ಕರೆದು ಎಲ್ಲರ ಬಿ.ಪಿ. ನೋಡಿಸಿ ಬರೆಯಿರಿ. ಯಾರಾದರೂ ತಮ್ಮ ಅಂಕ ಎಲ್ಲರಿಗೂ ಗೊತ್ತಾಗುವುದು ಬೇಡ ಎಂದರೆ ಅವರ ಚೀಟಿ ಅವರ ಕೈಗೇ ಕೊಡಿ.
2. ಸಭೆಯಲ್ಲಿ ಕಂತು ಕೇಳುವ ಹಾಗೆ "ಗುಳಿಗೆ ನುಂಗಿದಿಯೇನವ್ವ?" ಎಂದು ಒಬ್ಬರಿಗೊಬ್ಬರು ಕೇಳಿ.
3. ತುರ್ತು ಸಾಲದಲ್ಲಿ ಗಾಡಿ ಖರ್ಚಿಗೆಂದು ಒಂದಿಷ್ಟು ಹಣ ತೆಗೆದಿಡಿ. ರಾತ್ರಿ ಬೇಕಾದರೂ ಸಿಗುವಂತಿರಲಿ, ಸಹಿ ಬೆಳಿಗ್ಗೆ ಆಗಲಿ.
4. 108 ತಡವಾದರೆ ಊರಿನಲ್ಲಿ ಯಾರ ಗಾಡಿ ಸಿಗುತ್ತದೆ, ಹತ್ತಿರದ ಸಿ.ಟಿ. ಸ್ಕ್ಯಾನ್ ಎಲ್ಲಿದೆ ಎಂಬುದನ್ನು ಈಗಲೇ ಕೇಳಿ ಪುಸ್ತಕದ ರಟ್ಟಿನ ಒಳಗೆ ಬರೆದಿಡಿ.

ಬೈಬಲಿನಲ್ಲಿ ಒಂದು ಘಟನೆ ಇದೆ. ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ಯೇಸುವಿನ ಬಳಿಗೆ ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಆ ನಾಲ್ವರು ವಾಪಸು ಹೋಗಲಿಲ್ಲ, ಮನೆಯ ಮಾಳಿಗೆಯನ್ನೇ ತೆರೆದು ರೋಗಿಯನ್ನು ಒಳಗೆ ಇಳಿಸಿದರು. ರೋಗಿ ತಾನಾಗಿ ನಡೆದು ಬರಲಾರ. ಹೊರುವವರು ಬೇಕು, ಅದೂ ತಡಮಾಡದೆ ಹೊರುವವರು. ನಮ್ಮ ಸಂಘದಲ್ಲಿ ನಾಲ್ಕಲ್ಲ, ಹದಿನೈದು ಇಪ್ಪತ್ತು ಜನ ಇದ್ದೇವೆ.

ಆ ಅಕ್ಕ ಈಗಲೂ ಪ್ರತಿ ಸಭೆಗೆ ಬರುತ್ತಾರೆ. ಹೊಸದಾಗಿ ಬಿ.ಪಿ. ಬಂದವರ ಪಕ್ಕದಲ್ಲಿ ಕುಳಿತು, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೇಳುತ್ತಾರೆ: "ಗುಳಿಗಿ... ಬಿಡಬ್ಯಾಡ." ಮುಂದಿನ ಸಭೆಯಲ್ಲಿ ನಿಮ್ಮ ಸಂಘದಲ್ಲಿಯೂ ಈ ಮಾತು ಮೊದಲ ವಿಷಯವಾಗಲಿ.